ನೇತ್ರಶಸ್ತ್ರವೈದ್ಯ ಡಾಕ್ಟರ್ ಮುರುಗೆಪ್ಪ ಮೋದಿಯವರ ಲೋಕಸೇವೆ

ಮುಪ್ಪಿನಲ್ಲಿ ಮನುಷ್ಯನಿಗೆ ಒದಗುವ ಕಷ್ಟಗಳಲ್ಲಿ ದೃಷ್ಟಿಯ ನಾಶವು ಅತ್ಯಂತ ದಾರುಣವಾದುದು. ಕಿವಿ ಮಂದವಾದವನು ಸನ್ನೆಯಿಂದ ಕಾಲವನ್ನು ಕಳೆಯಬಹುದು. ಕಾಲು ಸೋತವನು ಜಗಲಿಯ ಮೇಲೆ ಕುಳಿತೇ ಮನೆಯ ವ್ಯವಹಾರಗಳನ್ನು ನೋಡಿಕೊಳ್ಳಬಹುದು. ಕಣ್ಣು ಹೋದವನಿಗಾದರೋ ತನ್ನ ಮನೆಯ ಹೊಸ್ತಿಲೇ ಪರಸ್ಥಳವಾಗುವುದು. ಒಕ್ಕಲುತನದ ಮನೆಗಳಲ್ಲಿ ಈ ಕಷ್ಟವು ಒಬ್ಬರಲ್ಲಿಯೇ ನಿಲ್ಲುವುದಿಲ್ಲ. ಕಣ್ಣು ಕಾಣದ ಅಜ್ಜನ ಕೋಲನ್ನು ಹಿಡಿದು ನಡೆಯಿಸಲು ಮೊಮ್ಮಗನೊಬ್ಬನು ಶಾಲೆಯನ್ನು ಬಿಡಬೇಕಾಗುವುದು. ಅತ್ತೆಯ ಊಟ ಸ್ನಾನಗಳನ್ನು ನೋಡಲು ಸೊಸೆಯು ಹೊಲದ ಕೆಲಸವನ್ನು ಬಿಟ್ಟು ಮನೆಯಲ್ಲಿ ನಿಲ್ಲಬೇಕಾಗುವುದು. ಹೀಗೆ ಒಬ್ಬರ ಕಣ್ಣು ಹೋದರೆ ಇಬ್ಬರ ದುಡಿಮೆ ಹೋಗುವುದು. ಇಂತಹ ಅಂಧತ್ವದಲ್ಲಿ ಹೆಚ್ಚಿನ ಪಾಲು ಪೊರೆಯಿಂದ ಬರತಕ್ಕದ್ದು. ಪೊರೆಯಾದರೋ ಶಸ್ತ್ರಕ್ರಿಯೆಯಿಂದ ಪರಿಹಾರವಾಗತಕ್ಕದ್ದು. ಪರಿಹಾರವು ಲೋಕದಲ್ಲಿ ಇದ್ದೂ, ಅದು ತಮ್ಮ ಊರಿನವರೆಗೆ ಬಾರದೆ, ಕುರುಡರಾಗಿಯೇ ಬಾಳಿ ಕುರುಡರಾಗಿಯೇ ಸತ್ತವರು ಈ ದೇಶದಲ್ಲಿ ಅಸಂಖ್ಯಾತರು.

ಈ ಪರಿಹಾರವನ್ನು ಪಟ್ಟಣದ ಆಸ್ಪತ್ರೆಯಿಂದ ಎತ್ತಿಕೊಂಡು ಹಳ್ಳಿಯ ಬಾಗಿಲಿಗೆ ತಂದ ಮಹನೀಯರಲ್ಲಿ ಕನ್ನಡಿಗರಾದ ಡಾಕ್ಟರ್ ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಅಗ್ರಗಣ್ಯರು. ಅವರ ಹೆಸರನ್ನು ಹೇಳಿದೊಡನೆ ಜನರು ಅವರು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆಯನ್ನೇ ಮೊದಲು ಹೇಳುವರು. ಸಂಖ್ಯೆಯು ದೊಡ್ಡದೆಂಬುದು ನಿಜ. ಆದರೆ ಸಂಖ್ಯೆಯನ್ನು ಕೇಳಿ ಬೆರಗಾಗುವುದೇ ಒಬ್ಬ ಶಸ್ತ್ರವೈದ್ಯನಿಗೆ ಸಲ್ಲತಕ್ಕ ಪೂರ್ಣವಾದ ಗೌರವವಲ್ಲ. ಆ ಸಂಖ್ಯೆಯು ಹೇಗೆ ಸಾಧ್ಯವಾಯಿತು, ಅದರಿಂದ ವೈದ್ಯವೃತ್ತಿಗೆ ಯಾವ ಹೊಸ ಮಾರ್ಗವು ತೆರೆಯಿತು, ಆ ಮಾರ್ಗದಲ್ಲಿದ್ದ ಕುಂದುಗಳಾವುವು, ಮುಂದಿನವರು ಅದನ್ನು ಹೇಗೆ ತಿದ್ದಿಕೊಂಡರು ಎಂಬ ವಿಷಯಗಳನ್ನು ವಿಚಾರಿಸಿದಲ್ಲಿ ಮಾತ್ರ ಅವರ ಸೇವೆಯ ನಿಜವಾದ ಬೆಲೆ ತಿಳಿಯುವುದು.

ಪೊರೆಯ ಚಿಕಿತ್ಸೆಯು ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಕಣ್ಣಿನ ರೋಗವನ್ನೂ ಅದಕ್ಕೆ ಮಾಡತಕ್ಕ ಶಸ್ತ್ರಕರ್ಮವನ್ನೂ ವಿವರವಾಗಿ ಹೇಳಿದೆ. ಯವೆಯ ಕಾಳಿನಂತೆ ಮೊನೆಯುಳ್ಳ ಶಲಾಕೆಯಿಂದ ಕಣ್ಣಿನ ಬಿಳಿಯ ಭಾಗವನ್ನು ಚುಚ್ಚಿ, ದೃಷ್ಟಿಗೆ ಅಡ್ಡವಾಗಿರುವುದನ್ನು ಸರಿಸಿ, ಬಳಿಕ ತುಪ್ಪವನ್ನು ಹಾಕಿ ಬಟ್ಟೆಯನ್ನು ಕಟ್ಟಬೇಕೆಂದೂ, ರೋಗಿಯು ಅಂಗಾತ ಮಲಗಿರಬೇಕೆಂದೂ, ಕೆಮ್ಮು ಸೀನು ತೇಗುಗಳನ್ನು ತಡೆದುಕೊಳ್ಳಬೇಕೆಂದೂ ಅಲ್ಲಿ ವಿಧಿಸಿದೆ. ಈ ಕ್ರಮದಲ್ಲಿ ಮಬ್ಬಾದ ಮಸೂರವು ಕಣ್ಣಿನಿಂದ ಹೊರಗೆ ಬರುತ್ತಿರಲಿಲ್ಲ. ಕಣ್ಣಿನೊಳಗೇ ಕೆಳಕ್ಕೆ ಜಾರಿ ಬೀಳುತ್ತಿತ್ತು. ಆದುದರಿಂದ ಮೊದಲು ಕೆಲವು ಕಾಲ ಬೆಳಕು ಕಂಡರೂ, ಅನೇಕರ ಕಣ್ಣು ಮುಂದೆ ಬಾತು ನೋವಿನಿಂದ ಕೆಟ್ಟುಹೋಗುತ್ತಿತ್ತು. ಶಾಸ್ತ್ರವನ್ನು ಬಲ್ಲ ವೈದ್ಯರು ವಿರಳವಾದ ಮೇಲೆ ಈ ವಿದ್ಯೆಯು ಊರಿಂದೂರಿಗೆ ತಿರುಗುವ ಅಲೆಮಾರಿ ವೈದ್ಯರ ಕೈಗೆ ಬಂದಿತು. ಅವರು ಸೂಜಿಯಿಂದ ಪೊರೆಯನ್ನು ಸರಿಸಿ, ರೋಗಿಗೆ ಬೆರಳನ್ನು ತೋರಿಸಿ, ಕಾಣಿಕೆಯನ್ನು ಪಡೆದು, ಕಣ್ಣು ಕೆಡುವುದಕ್ಕೆ ಮುಂಚೆ ಮುಂದಿನ ಊರಿಗೆ ಹೊರಟುಹೋಗುತ್ತಿದ್ದರು. ಕಣ್ಣಿನ ಶಸ್ತ್ರಕ್ರಿಯೆಯೆಂದರೆ ಹಳ್ಳಿಯ ಜನರಿಗೆ ಬಹುಕಾಲ ಇದ್ದ ಭಯಕ್ಕೆ ಇದೂ ಒಂದು ಕಾರಣವಾಗಿದ್ದಿತು.

ಮಸೂರವನ್ನು ಕಣ್ಣಿನಿಂದ ಹೊರಕ್ಕೆ ತೆಗೆಯುವ ಕ್ರಮವನ್ನು ಫ್ರಾನ್ಸ್ ದೇಶದ ಜಾಕ್ ದಾವಿಯೆಲ್ ಎಂಬ ವೈದ್ಯನು 1747ರಲ್ಲಿ ತೋರಿಸಿಕೊಟ್ಟನು. 1884ರಲ್ಲಿ ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬಾತನು ಕೊಕೇನಿನ ದ್ರಾವಣವನ್ನು ಕಣ್ಣಿಗೆ ಹಾಕಿದರೆ ನೋವು ತಿಳಿಯುವುದಿಲ್ಲವೆಂಬುದನ್ನು ಕಂಡುಹಿಡಿದನು. ಅಲ್ಲಿಂದ ಮುಂದೆ ರೋಗಿಯು ಎಚ್ಚರವಾಗಿದ್ದು ಮಾತನಾಡುತ್ತಿರುವಾಗಲೇ ಪೊರೆಯನ್ನು ತೆಗೆಯುವುದು ಸಾಧ್ಯವಾಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಂಜಾಬಿನ ಜಲಂಧರದಲ್ಲಿದ್ದ ಹೆನ್ರಿ ಸ್ಮಿತ್ ಎಂಬ ಸೈನ್ಯವೈದ್ಯನು ಮಸೂರವನ್ನು ಅದರ ಕೋಶದೊಡನೆ ಹೊರತೆಗೆಯುವ ಕ್ರಮದಲ್ಲಿ ಪ್ರಸಿದ್ಧನಾದನು. ಅವನ ಕೈಚಳಕವನ್ನು ನೋಡಲು ಅಮೆರಿಕದಿಂದಲೂ ವೈದ್ಯರು ಬರುತ್ತಿದ್ದರು. ಅದೇ ಪ್ರಾಂತದ ಮೋಗಾ ಎಂಬ ಊರಿನಲ್ಲಿ ಡಾಕ್ಟರ್ ಮಥುರಾದಾಸರು ಒಂದೇ ಕಾಲದಲ್ಲಿ ನೂರಾರು ಜನರಿಗೆ ಪೊರೆಯನ್ನು ತೆಗೆಯುವ ಪದ್ಧತಿಯನ್ನು ಬೆಳೆಸಿದರು. ಹೀಗೆ ಹಲವು ಜನರಿಗೆ ಒಟ್ಟಾಗಿ ಶಸ್ತ್ರಕ್ರಿಯೆಯನ್ನು ಮಾಡುವ ಸಂಪ್ರದಾಯವು ಉತ್ತರದಲ್ಲಿ ಮೊದಲೇ ಹುಟ್ಟಿದ್ದಿತು. ಅದನ್ನು ಒಂದು ಊರಿನಲ್ಲಿ ನಿಲ್ಲಿಸದೆ ಜನರಿದ್ದಲ್ಲಿಗೆ ನಡೆಯಿಸಿಕೊಂಡು ಹೋದುದು ಮೋದಿಯವರ ವಿಶೇಷವು.

ಮೈಸೂರು ಸಂಸ್ಥಾನದಲ್ಲಿ ಕಣ್ಣಿನ ಚಿಕಿತ್ಸೆಗೆ ವ್ಯವಸ್ಥೆಯೇ ಇರಲಿಲ್ಲವೆಂದು ಹೇಳಲಾಗದು. ಬೆಂಗಳೂರಿನಲ್ಲಿ 1896ರಲ್ಲಿ ಕಣ್ಣಿನ ಔಷಧಶಾಲೆಯೊಂದು ಆರಂಭವಾಗಿ, 1913ರಲ್ಲಿ ಅದು ಮಿಂಟೋ ಕಣ್ಣಾಸ್ಪತ್ರೆಯೆಂಬ ಹೆಸರಿನಿಂದ ಭವ್ಯವಾದ ಸ್ವಂತ ಕಟ್ಟಡವನ್ನು ಸೇರಿತು. ಇಡೀ ದೇಶದಲ್ಲಿಯೇ ಇಂತಹ ಆಸ್ಪತ್ರೆಗಳು ಆಗ ಕೆಲವೇ ಇದ್ದವು. ಆದರೆ ಚಿತ್ರದುರ್ಗದ ಸೀಮೆಯ ಒಕ್ಕಲಿಗನಿಗೆ ಬೆಂಗಳೂರು ಎಷ್ಟು ದೂರವೆಂಬುದನ್ನು ಎಣಿಸಬೇಕು. ಹೊಸದುರ್ಗದ ಕಡೆಯವನು ಗಾಡಿಯನ್ನು ಕಟ್ಟಿಕೊಂಡು ಪಟ್ಟಣದಿಂದ ಬಹುದೂರದಲ್ಲಿರುವ ಹೊಸದುರ್ಗ ರಸ್ತೆಯ ನಿಲ್ದಾಣಕ್ಕೆ ಬಂದು ರೈಲನ್ನು ಹಿಡಿಯಬೇಕಾಗಿದ್ದಿತು. ಹೊಳಲ್ಕೆರೆ ಚಿತ್ರದುರ್ಗಗಳವರು ಕವಲುದಾರಿಯ ಬಂಡಿಯಲ್ಲಿ ಚಿಕ್ಕಜಾಜೂರಿಗೆ ಬಂದು ಅಲ್ಲಿ ಇಳಿದು ಹತ್ತಬೇಕಾಗಿದ್ದಿತು. ಹಿರಿಯೂರಿಗಾದರೋ ರೈಲೇ ಇರಲಿಲ್ಲ. ಕುರುಡನು ಒಬ್ಬನೇ ಹೋಗಲಾರನಾದುದರಿಂದ ಜೊತೆಗೆ ಒಬ್ಬನು ಬೇಕು. ಇಬ್ಬರ ದಾರಿಯ ಖರ್ಚು ಬೇಕು. ಗುರುತು ಪರಿಚಯವಿಲ್ಲದ ನಗರದಲ್ಲಿ ವಾರಗಟ್ಟಲೆ ನಿಲ್ಲುವ ಧೈರ್ಯ ಬೇಕು. 1907ರಲ್ಲಿ ಮಾರಿಕಣಿವೆಯ ಕಟ್ಟೆಯು ಮುಗಿದು ವೇದಾವತಿಯ ನೀರು ಹಿರಿಯೂರಿನ ಹೊಲಗಳಿಗೆ ಹರಿದು ಬಂದಿತು. ನೀರು ಹರಿದು ಬಂದಂತೆ ವೈದ್ಯವು ಹರಿದು ಬರಲಿಲ್ಲ. ಅದು ರಾಜಧಾನಿಯಲ್ಲಿಯೇ ನಿಂತಿದ್ದಿತು.

ಇಂತಹ ಕಾಲದಲ್ಲಿ ಮೋದಿಯವರು ಕಾರ್ಯರಂಗಕ್ಕೆ ಬಂದರು. ಅವರು 1916ರಲ್ಲಿ ಆಗಿನ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಜನಿಸಿದರು. ಆ ಊರು 1997ರಿಂದ ಬಾಗಲಕೋಟೆಯ ಜಿಲ್ಲೆಗೆ ಸೇರಿದೆ. ದೇಶದಲ್ಲಿ ಸ್ವಾತಂತ್ರ್ಯದ ಚಳವಳಿಯು ತೀವ್ರವಾಗಿದ್ದ ದಿನಗಳಲ್ಲಿ ಅವರು ನೇತ್ರಚಿಕಿತ್ಸೆಯನ್ನು ಕೈಕೊಂಡು, 1943ರಿಂದ ಊರೂರುಗಳಲ್ಲಿ ಉಚಿತವಾಗಿ ಸಾಮೂಹಿಕ ನೇತ್ರಚಿಕಿತ್ಸೆಯನ್ನು ನಡೆಯಿಸತೊಡಗಿದರು. ಬೆಂಗಳೂರಿನಲ್ಲಿ ನೆಲೆಸುವುದಕ್ಕೆ ಮೊದಲು ದಾವಣಗೆರೆಯು ಅವರ ಕಾರ್ಯಕ್ಕೆ ನೆಲೆಯಾಗಿದ್ದಿತು. 1997ರಲ್ಲಿ ಪ್ರತ್ಯೇಕವಾದ ಜಿಲ್ಲೆಯಾಗುವವರೆಗೆ ದಾವಣಗೆರೆಯು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದುದರಿಂದ ಈ ಸೀಮೆಯವರು ಅವರನ್ನು ತಮ್ಮವರೆಂದು ಭಾವಿಸುವುದು ಸಹಜವಾಗಿದೆ. ಹತ್ತಿ, ಬಟ್ಟೆ, ಧಾನ್ಯಗಳ ವ್ಯಾಪಾರದಿಂದ ಬೆಳೆದ ಆ ಪಟ್ಟಣವು ಉತ್ತರದ ಕನ್ನಡ ಜಿಲ್ಲೆಗಳಿಗೂ ಹಳೆಯ ಮೈಸೂರಿಗೂ ನಡುವಿನ ಬಾಗಿಲಿನಂತಿದ್ದಿತು. ಎರಡೂ ಕಡೆಯ ಹಳ್ಳಿಗಳಿಗೆ ಹೋಗಿಬರಬೇಕಾದ ವೈದ್ಯರಿಗೆ ಇದಕ್ಕಿಂತ ಅನುಕೂಲವಾದ ಸ್ಥಳವು ದೊರೆಯುವುದು ಕಷ್ಟ.

ಆ ಕಾಲದ ನೇತ್ರಚಿಕಿತ್ಸಾ ಶಿಬಿರಗಳು ನಡೆಯುತ್ತಿದ್ದ ರೀತಿಯನ್ನು ತಿಳಿದುಕೊಳ್ಳುವುದು ಅವಶ್ಯಕವು. ಮೊದಲು ಊರಿನ ಗೃಹಸ್ಥರು ಸೇರಿ ದಿನವನ್ನು ಗೊತ್ತುಮಾಡಿ, ಶಾಲೆಯನ್ನೋ ಛತ್ರವನ್ನೋ ಮಠದ ಪಡಸಾಲೆಯನ್ನೋ ಬಿಡಿಸಿಕೊಡುತ್ತಿದ್ದರು. ಸಂತೆಗಳಲ್ಲಿ ತಮಟೆ ಹೊಡೆದು ಸುತ್ತಲಿನ ಹಳ್ಳಿಗಳಿಗೆ ಸಾರಲಾಗುತ್ತಿತ್ತು. ನೆರೆದ ಜನರನ್ನು ಸಾಲಾಗಿ ಕುಳ್ಳಿರಿಸಿ ವೈದ್ಯರು ಒಬ್ಬೊಬ್ಬರ ಕಣ್ಣನ್ನೂ ಪರೀಕ್ಷಿಸುವರು. ಪೊರೆಯು ಬಲಿತಿರುವವರನ್ನು ಬೇರೆಮಾಡುವರು. ಕಣ್ಣಿನಲ್ಲಿ ಕೀವು ಇರುವವರನ್ನೂ ಮಧುಮೂತ್ರವಿರುವವರನ್ನೂ ತಡೆಯುವರು. ಒಳಗಿನ ನರವೇ ಸತ್ತುಹೋಗಿರುವವರಿಗೆ ಶಸ್ತ್ರದಿಂದ ಪ್ರಯೋಜನವಿಲ್ಲವೆಂದು ತಿಳಿಸುವರು. ಇರುಳುಗಣ್ಣು ಇರುವ ಮಕ್ಕಳಿಗೆ ಸೊಪ್ಪು ಹಾಲುಗಳನ್ನು ಹೇಳುವರು. ಕಣ್ಣಿನ ಮೇಲೆ ಹೂ ಬಿದ್ದವರಿಗೆ ಮಾಡಬಹುದಾದುದು ಅಲ್ಪ. ಆರಿಸಿದವರ ರೆಪ್ಪೆಯ ಕೂದಲನ್ನು ಕತ್ತರಿಸಿ, ಕಣ್ಣನ್ನು ತೊಳೆದು, ನೋವು ತಿಳಿಯದಂತೆ ಸೂಜಿಮದ್ದನ್ನು ಚುಚ್ಚಿ ಮೇಜಿನ ಮೇಲೆ ಮಲಗಿಸುವರು. ಶಸ್ತ್ರಕ್ರಿಯೆಯಾದ ಮೇಲೆ ಕಣ್ಣಿಗೆ ಪಟ್ಟಿಯನ್ನು ಕಟ್ಟಿ ಹುಲ್ಲಿನ ಮೇಲೆ ಹಾಸಿದ ಚಾಪೆಯಲ್ಲಿ ಹಲವು ದಿನಗಳ ಕಾಲ ಅಲುಗದಂತೆ ಮಲಗಿಸಿ, ಗಂಜಿಯನ್ನು ಕುಡಿಸಿ, ಕಡೆಗೆ ದಪ್ಪವಾದ ಕನ್ನಡಕವನ್ನು ಕೊಟ್ಟು ಕಳುಹಿಸುವರು.

ಈ ಕ್ರಮದಲ್ಲಿ ವೈದ್ಯನ ಪಾಲು ಎಷ್ಟು, ಇತರರ ಪಾಲು ಎಷ್ಟು ಎಂಬುದನ್ನು ಗಮನಿಸಬೇಕು. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನದಲ್ಲಿ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದರೆಂಬುದು ಲೋಕಪ್ರಸಿದ್ಧವಾದ ದಾಖಲೆಯು. ಹದಿನಾರು ಗಂಟೆಗಳ ಕಾಲ ಬಿಡುವಿಲ್ಲದೆ ದುಡಿದರೂ ಒಂದೊಂದು ಕಣ್ಣಿಗೆ ದೊರೆಯುವುದು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಮಾತ್ರ. ಇದು ಒಬ್ಬನ ಕೈಚಳಕದಿಂದ ಮಾತ್ರ ಆಗತಕ್ಕ ಕಾರ್ಯವಲ್ಲ. ರೋಗಿಯನ್ನು ಕರೆತರುವವನು ಒಬ್ಬ, ಕಣ್ಣನ್ನು ಶುಚಿಮಾಡುವವನು ಒಬ್ಬ, ಮದ್ದನ್ನು ಚುಚ್ಚುವವನು ಒಬ್ಬ, ಉಪಕರಣಗಳನ್ನು ಕುದಿಸಿ ಒದಗಿಸುವವನು ಒಬ್ಬ, ಪಟ್ಟಿಯನ್ನು ಕಟ್ಟುವವನು ಒಬ್ಬ, ಎತ್ತಿಕೊಂಡು ಹೋಗಿ ಮಲಗಿಸುವವರು ಇಬ್ಬರು, ಹೀಗೆ ಕೆಲಸವನ್ನು ಹಂಚಿಕೊಂಡಿದ್ದಲ್ಲಿ ಮಾತ್ರ ಶಸ್ತ್ರವೈದ್ಯನು ಮೇಜಿನಿಂದ ಮೇಜಿಗೆ ನಡೆಯುತ್ತ ತಾನೊಬ್ಬನೇ ಮಾಡತಕ್ಕ ಆ ಒಂದು ಕೆಲಸವನ್ನು ಮಾಡುತ್ತ ಹೋಗಬಹುದು. ಮದುವೆಯ ಅಡುಗೆಮನೆಯಲ್ಲಿ ಸಾವಿರಾರು ಎಲೆಗಳಿಗೆ ಬಡಿಸುವುದು ಹೇಗೆ ಒಬ್ಬ ಅಡುಗೆಯವನ ಶಕ್ತಿಯಲ್ಲವೋ ಹಾಗೆಯೇ ಇದೂ. ಬಾಣಸಿಗನ ಕೈ ಪಳಗಿರಬೇಕು. ಆದರೆ ತರಕಾರಿಯನ್ನು ಹೆಚ್ಚುವವರೂ ನೀರನ್ನು ಹೊರುವವರೂ ಎಲೆಯನ್ನು ಹಾಕುವವರೂ ಒಂದೇ ಲಯದಲ್ಲಿ ನಡೆಯಬೇಕು. ವೈದ್ಯವೃತ್ತಿಗೆ ಮೋದಿಯವರು ತೋರಿಸಿಕೊಟ್ಟ ಮೊದಲನೆಯ ಪಾಠವು ಇದೇ. ಶಸ್ತ್ರವೈದ್ಯನ ಸಮಯವು ಬಡದೇಶದಲ್ಲಿ ಅತ್ಯಂತ ದುರ್ಲಭವಾದ ವಸ್ತು. ಅದನ್ನು ಬೇರೆಯವರು ಮಾಡಬಹುದಾದ ಕೆಲಸದಲ್ಲಿ ವ್ಯಯಮಾಡಬಾರದು.

1993ರ ಫೆಬ್ರವರಿಯವರೆಗಿನ ಐವತ್ತು ವರ್ಷಗಳಲ್ಲಿ ಅವರು 46,120 ಗ್ರಾಮಗಳನ್ನು ಮುಟ್ಟಿ, 1,21,18,630 ರೋಗಿಗಳನ್ನು ನೋಡಿ, 6,10,564 ಶಸ್ತ್ರಕ್ರಿಯೆಗಳನ್ನು ಮಾಡಿದರೆಂದು ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಬರೆದಿದೆ. ಇಷ್ಟು ದೊಡ್ಡ ಅಂಕೆಗಳು ಮನಸ್ಸಿಗೆ ಹಿಡಿಸುವುದಿಲ್ಲ. ಅವುಗಳನ್ನು ಭಾಗಿಸಿ ನೋಡಿದರೆ ಅರ್ಥವು ಸ್ಪಷ್ಟವಾಗುವುದು. ಶಸ್ತ್ರಕ್ರಿಯೆಗಳನ್ನು ಗ್ರಾಮಗಳಿಗೆ ಹಂಚಿದರೆ ಒಂದೊಂದು ಗ್ರಾಮಕ್ಕೆ ಬರುವುದು ಹದಿಮೂರು. ಹೊಸದುರ್ಗದ ಅಥವಾ ಹೊಳಲ್ಕೆರೆಯ ತಾಲ್ಲೂಕಿನ ಯಾವುದಾದರೊಂದು ಊರನ್ನು ಎಣಿಸಿಕೊಳ್ಳಬಹುದು. ಅಲ್ಲಿ ಹದಿಮೂರು ಮನೆಗಳ ಜಗಲಿಯ ಮೇಲೆ ಹದಿಮೂರು ಮಂದಿ ಮುದುಕರು ಕೋಲನ್ನು ಕೆಳಗಿಟ್ಟು ಎದ್ದು ತಾವಾಗಿಯೇ ಬಾವಿಯವರೆಗೆ ಹೋಗುವರು. ಊರಿಗೆ ಹದಿಮೂರು ಎಂಬುದು ದೊಡ್ಡ ಸಂಖ್ಯೆಯಲ್ಲ. ಆದರೆ ಆ ಊರಿನವರಿಗೆ ಆ ಹದಿಮೂರು ಹೆಸರುಗಳೂ ಗೊತ್ತು.

ಅದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಅಡಗಿದೆ. ಅವರು ನೋಡಿದ ರೋಗಿಗಳಲ್ಲಿ ಇಪ್ಪತ್ತು ಜನರಿಗೆ ಒಬ್ಬನಂತೆ ಮಾತ್ರ ಶಸ್ತ್ರಕ್ರಿಯೆಯಾಯಿತು. ಉಳಿದ ಹತ್ತೊಂಬತ್ತು ಜನರಿಗೆ ಶಸ್ತ್ರವು ಸೋಕಲಿಲ್ಲ. ಶಸ್ತ್ರವೈದ್ಯನ ವಿವೇಕವು ಕತ್ತಿಯನ್ನು ಹಿಡಿಯುವುದರಲ್ಲಿ ಎಷ್ಟು ಇರುವುದೋ ಹಿಡಿಯದೆ ಇರುವುದರಲ್ಲಿಯೂ ಅಷ್ಟೇ ಇರುವುದು. ಯಾರಿಗೆ ಬೇಕು, ಯಾರಿಗೆ ಬೇಡ, ಯಾರಿಗೆ ಈಗ ಬೇಡ, ಯಾರಿಗೆ ಎಂದಿಗೂ ಬೇಡ ಎಂಬುದನ್ನು ಅಷ್ಟು ಜನರ ಗದ್ದಲದಲ್ಲಿ ನಿರ್ಣಯಿಸುವುದು ಶಸ್ತ್ರಕ್ರಿಯೆಗಿಂತ ಸುಲಭವಾದ ಕಾರ್ಯವಲ್ಲ. ಒಂದು ಕೋಟಿಗೂ ಮಿಕ್ಕ ಜನರ ಕಣ್ಣನ್ನು ಪರೀಕ್ಷಿಸಿದುದರಿಂದ, ಅಲ್ಲಿಯವರೆಗೆ ವೈದ್ಯನ ಮುಖವನ್ನೇ ಕಾಣದಿದ್ದ ಅನೇಕರಿಗೆ ತಮ್ಮ ರೋಗವು ಯಾವುದೆಂಬುದಾದರೂ ತಿಳಿಯಿತು.

ಈ ಕಾರ್ಯದಲ್ಲಿ ಜನರು ವಹಿಸಿದ ಭಾಗವನ್ನು ಮರೆಯಲಾಗದು. ಕನ್ನಡ ನಾಡಿನಲ್ಲಿ ಅನ್ನದಾನಕ್ಕೂ ದಾಸೋಹಕ್ಕೂ ಹಿಂದಿನಿಂದಲೂ ವ್ಯವಸ್ಥೆಯುಂಟು. ಜಾತ್ರೆಗೆ ಬಂದ ಸಾವಿರಾರು ಜನರಿಗೆ ಅಡುಗೆಯನ್ನು ಮಾಡಿ ಬಡಿಸುವುದು, ಮಲಗುವುದಕ್ಕೆ ಎಡೆಮಾಡಿಕೊಡುವುದು, ಗಾಡಿಗಳನ್ನು ಬಿಡಿಸಿ ಎತ್ತುಗಳಿಗೆ ಮೇವನ್ನು ಹಾಕುವುದು, ಇವೆಲ್ಲವೂ ಇಲ್ಲಿಯ ಊರುಗಳಿಗೆ ಅಭ್ಯಾಸವಾದ ಕಾರ್ಯಗಳು. ನೇತ್ರಚಿಕಿತ್ಸೆಯ ಶಿಬಿರವು ಈ ಹಳೆಯ ಅಭ್ಯಾಸವನ್ನು ಹೊಸ ಕಾರ್ಯಕ್ಕೆ ಹೂಡಿಕೊಂಡಿತು. ವರ್ತಕರು ಅಕ್ಕಿ ಬೇಳೆಗಳನ್ನು ಕೊಟ್ಟರು. ಶಾಲೆಯ ಹುಡುಗರು ನೀರನ್ನು ಹೊತ್ತರು. ಉಪಾಧ್ಯಾಯರು ಹೆಸರುಗಳನ್ನು ಬರೆದುಕೊಂಡರು. ಹೆಂಗಸರು ಗಂಜಿಯನ್ನು ಕಾಯಿಸಿದರು. ಸರ್ಕಾರದ ಬೊಕ್ಕಸದಿಂದ ಆಸ್ಪತ್ರೆಯು ಕಟ್ಟಿ ಮುಗಿಯುವವರೆಗೆ ಕಾದಿದ್ದರೆ ಆ ಪೀಳಿಗೆಯ ಕುರುಡರು ಕಾಯುತ್ತಲೇ ಸಾಯಬೇಕಾಗುತ್ತಿತ್ತು. ಊರಿನ ಜನರಲ್ಲಿ ಮೊದಲೇ ಇದ್ದ ಶಕ್ತಿಯನ್ನು ಗುರುತಿಸಿ ಅದರ ಮೇಲೆ ಭಾರವನ್ನು ಹಾಕಿದುದು ವೈದ್ಯವೃತ್ತಿಗೆ ದೊರೆತ ಎರಡನೆಯ ಪಾಠವು. ಜನರು ಅವರನ್ನು ಕಣ್ಣು ಕೊಟ್ಟ ಅಣ್ಣನೆಂದು ಕರೆದರು. ಡಾಕ್ಟರನೆಂದೂ ದೊರೆಯೆಂದೂ ಕರೆಯದೆ ಅಣ್ಣನೆಂದು ಕರೆದುದರಲ್ಲಿ, ಮನೆಯವನೊಬ್ಬನು ಮನೆಗೆ ಬಂದು ಮಾಡಿದ ಉಪಕಾರವೆಂಬ ಭಾವವಿದೆ. ಭಾರತ ಸರ್ಕಾರದವರು 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಕೊಟ್ಟು ಅವರನ್ನು ಗೌರವಿಸಿದರು.

ಇಷ್ಟನ್ನು ಹೇಳಿದ ಮೇಲೆ ಈ ಪದ್ಧತಿಯ ಕುಂದುಗಳನ್ನು ಮರೆಮಾಚುವುದು ಅವರಿಗೆ ಗೌರವವಾಗಲಾರದು. ಶಿಬಿರವು ಮುಗಿದ ಮೇಲೆ ವೈದ್ಯನು ಮುಂದಿನ ಊರಿಗೆ ಹೋಗಬೇಕು. ಹೋದ ಮೇಲೆ ರೋಗಿಯ ಕಣ್ಣಿಗೆ ಏನಾಯಿತೆಂಬುದನ್ನು ನೋಡುವವರು ಯಾರು? ಮಸೂರವನ್ನು ತೆಗೆದ ಕಣ್ಣಿಗೆ ದಪ್ಪವಾದ ಕನ್ನಡಕವಿಲ್ಲದೆ ಏನೂ ಸ್ಪಷ್ಟವಾಗಿ ಕಾಣದು. ಆ ಕನ್ನಡಕದಲ್ಲಿ ಎದುರಿನ ವಸ್ತುವು ದೊಡ್ಡದಾಗಿಯೂ ಹತ್ತಿರವಾಗಿಯೂ ತೋರಿ, ಪಕ್ಕದಲ್ಲಿರುವುದು ಕಾಣದೆ ಹೋಗುವುದು. ಒಂದೇ ಕಣ್ಣಿಗೆ ಶಸ್ತ್ರಕ್ರಿಯೆಯಾದವರಿಗೆ ಎರಡು ಕಣ್ಣಿನ ನೋಟವೂ ಹೊಂದದು. ಕನ್ನಡಕವು ಒಡೆದರೆ ಅಥವಾ ಕಳೆದರೆ, ಶಸ್ತ್ರಕ್ರಿಯೆಯಾಗಿದ್ದೂ ಮನುಷ್ಯನು ಮತ್ತೆ ಕುರುಡನೇ. ಇದಲ್ಲದೆ ಶಾಲೆಯ ಕೋಣೆಯು ಎಷ್ಟು ತೊಳೆದರೂ ಆಸ್ಪತ್ರೆಯ ಶಸ್ತ್ರಾಗಾರವಾಗದು. ಮೋದಿಯವರಿಗೆ ಸಂಬಂಧವಿಲ್ಲದ ಒಂದು ದುರಂತವು ಇದನ್ನು ದೇಶಕ್ಕೆಲ್ಲ ತಿಳಿಸಿತು. 1986ರಲ್ಲಿ ಉತ್ತರ ಪ್ರದೇಶದ ಖುರ್ಜಾ ಎಂಬ ಊರಿನ ಶಿಬಿರದಲ್ಲಿ ಶಸ್ತ್ರಕ್ರಿಯೆಯಾದವರ ಪೈಕಿ 84 ಜನರ ಕಣ್ಣುಗಳು ಸೋಂಕಿನಿಂದ ಶಾಶ್ವತವಾಗಿ ಕೆಟ್ಟವು. ಆ ಮೊಕದ್ದಮೆಯಲ್ಲಿ 1989ರಲ್ಲಿ ತೀರ್ಪನ್ನಿತ್ತ ಸರ್ವೋಚ್ಚ ನ್ಯಾಯಾಲಯವು ನೊಂದವರಿಗೆ ಪರಿಹಾರವನ್ನು ಕೊಡಿಸಿತು. ಶಿಬಿರಗಳನ್ನು ನಡೆಯಿಸುವವರು ಕಟ್ಟುನಿಟ್ಟಾದ ನಿಯಮಗಳಿಗೆ ಒಳಗಾಗಬೇಕೆಂದಿತು. ಅದರೊಡನೆಯೇ, ಇಂತಹ ಸೇವೆಯ ಹಿರಿಮೆಯನ್ನು ಮರೆಯಬಾರದೆಂದೂ ಹೇಳಿತು.

ಮುಂದಿನ ಕಾಲದಲ್ಲಿ ವೈದ್ಯಶಾಸ್ತ್ರವೇ ಬದಲಾಯಿತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯನು ತೆಗೆದ ಮಸೂರದ ಸ್ಥಳದಲ್ಲಿ ಕೃತಕವಾದ ಮಸೂರವನ್ನು ಕಣ್ಣಿನೊಳಗೇ ಇಟ್ಟನು. ಬಹುಕಾಲ ಅದು ಧನಿಕರ ಚಿಕಿತ್ಸೆಯಾಗಿದ್ದಿತು. 1976ರಲ್ಲಿ ಮಧುರೆಯಲ್ಲಿ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರು ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯು 1992ರಲ್ಲಿ ಸ್ವಂತ ಕಾರ್ಖಾನೆಯನ್ನು ಸ್ಥಾಪಿಸಿ ಈ ಮಸೂರಗಳನ್ನು ಅಲ್ಪ ಬೆಲೆಗೆ ತಯಾರಿಸತೊಡಗಿದ ಮೇಲೆ ಅದು ಬಡವರಿಗೂ ದೊರೆಯಿತು. ಭಾರತ ಸರ್ಕಾರವೂ 1976ರಲ್ಲಿಯೇ ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಕೊಂಡಿತು. ಹೊಸ ಶಸ್ತ್ರಕ್ರಿಯೆಗೆ ಸೂಕ್ಷ್ಮದರ್ಶಕವೂ ಶುದ್ಧವಾದ ಕೋಣೆಯೂ ಬೇಕಾದುದರಿಂದ ಶಾಲೆಯ ಮೇಜಿನ ಮೇಲೆ ಅದನ್ನು ಮಾಡುವುದು ನಿಂತಿತು. ಪರೀಕ್ಷೆಯು ಹಳ್ಳಿಯಲ್ಲಿ, ಶಸ್ತ್ರಕ್ರಿಯೆಯು ಆಸ್ಪತ್ರೆಯಲ್ಲಿ ಎಂಬುದು ಈಗಿನ ಕ್ರಮವಾಗಿದೆ. ರೋಗಿಗಳನ್ನು ಬಸ್ಸಿನಲ್ಲಿ ಕರೆದೊಯ್ದು, ಕಣ್ಣಿನೊಳಗೆ ಮಸೂರವನ್ನಿಟ್ಟು, ಅದೇ ದಿನವೋ ಮರುದಿನವೋ ಊರಿಗೆ ತಂದುಬಿಡುವರು. ದಿನಗಟ್ಟಲೆ ಅಲುಗದೆ ಮಲಗುವ ಕಷ್ಟವೂ ಇಲ್ಲ, ದಪ್ಪ ಕನ್ನಡಕದ ಕಾಟವೂ ಇಲ್ಲ. ದೇಶದಲ್ಲಿ ಅಂಧರ ಪ್ರಮಾಣವು 1986ರಿಂದ 1989ರವರೆಗಿನ ಸಮೀಕ್ಷೆಯಲ್ಲಿ ನೂರಕ್ಕೆ 1.49 ಇದ್ದುದು, 2015ರಿಂದ 2019ರವರೆಗಿನ ಸಮೀಕ್ಷೆಯಲ್ಲಿ ನೂರಕ್ಕೆ 0.36ಕ್ಕೆ ಇಳಿಯಿತು. ನಡುವೆ 2017ರಲ್ಲಿ ಅಂಧತ್ವದ ಲಕ್ಷಣವನ್ನೇ ಬದಲಾಯಿಸಿ ಬಿಗಿಗೊಳಿಸಿದುದರಿಂದ ಈ ಎರಡು ಅಂಕೆಗಳನ್ನು ನೇರವಾಗಿ ಹೋಲಿಸಲಾಗದಾದರೂ, ಇಳಿತವಾಗಿರುವುದು ನಿಸ್ಸಂದೇಹವು.

ಹಾಗಾದರೆ ಮೋದಿಯವರ ಮಾರ್ಗವು ಹಳತಾಗಿ ಬಿದ್ದುಹೋಯಿತೆಂದು ತಿಳಿಯಬೇಕೆ? ಹಾಗೆ ತಿಳಿಯುವುದು ಸರಿಯಲ್ಲ. ಅವರ ಪದ್ಧತಿಯಲ್ಲಿ ಎರಡು ಅಂಶಗಳು ಇದ್ದವು. ಒಂದು, ಶಸ್ತ್ರಕ್ರಿಯೆಯನ್ನು ಹಳ್ಳಿಯಲ್ಲಿಯೇ ಮಾಡುವುದು. ಇನ್ನೊಂದು, ರೋಗಿಯು ವೈದ್ಯನನ್ನು ಹುಡುಕಿಕೊಂಡು ಬರಲೆಂದು ಕಾಯದೆ ವೈದ್ಯನೇ ರೋಗಿಯನ್ನು ಹುಡುಕಿಕೊಂಡು ಹೋಗುವುದು. ಮೊದಲನೆಯದು ಕಾಲದ ಅವಶ್ಯಕತೆಯಾಗಿದ್ದಿತು. ರಸ್ತೆಯಿಲ್ಲದ, ಬಸ್ಸಿಲ್ಲದ, ಜಿಲ್ಲೆಯಲ್ಲಿ ನೇತ್ರವೈದ್ಯನಿಲ್ಲದ ದಿನಗಳಲ್ಲಿ ಬೇರೆ ದಾರಿಯಿರಲಿಲ್ಲ. ಅವಶ್ಯಕತೆಯು ಮುಗಿದೊಡನೆ ಅದು ಹೋದುದು ನ್ಯಾಯವೇ. ಎರಡನೆಯದು ತತ್ತ್ವವು. ಅದು ಹೋಗಿಲ್ಲ, ಹೋಗತಕ್ಕದ್ದೂ ಅಲ್ಲ. ಊರಿಗೆ ಬಂದು ಕಣ್ಣನ್ನು ಪರೀಕ್ಷಿಸಿ ರೋಗಿಗಳನ್ನು ಕರೆದೊಯ್ಯುವ ಇಂದಿನ ಪ್ರತಿಯೊಂದು ವಾಹನವೂ ಮೋದಿಯವರೂ ಅವರಂತಹ ಇತರರೂ ತುಳಿದು ಮಾಡಿದ ದಾರಿಯಲ್ಲಿಯೇ ನಡೆಯುತ್ತಿದೆ. ಹಳ್ಳಿಯ ಮುದುಕಿಯು ಕಣ್ಣಿನ ಶಸ್ತ್ರಕ್ರಿಯೆಗೆ ಇಂದು ಹೆದರದೆ ಹೋಗುವಳಾದರೆ, ಅವಳ ತಾಯಿಯ ಕಾಲದಲ್ಲಿ ನೆರೆಮನೆಯವರಿಗೆ ಕಣ್ಣು ಬಂದುದನ್ನು ಊರು ನೋಡಿದ್ದಿತೆಂಬುದೇ ಅದಕ್ಕೆ ಕಾರಣವು. ಅಲೆಮಾರಿ ಸೂಜಿವೈದ್ಯರು ಶತಮಾನಗಳ ಕಾಲ ಬೆಳೆಸಿದ ಭಯವನ್ನು ಕಳೆದುದು ಉಪನ್ಯಾಸಗಳಲ್ಲ. ಕಣ್ಣಾರೆ ಕಂಡ ಫಲವು.

ವೃತ್ತಿಯ ದೃಷ್ಟಿಯಿಂದ ನೋಡಿದರೂ ಅವರ ಜೀವನವು ವಿಚಾರಕ್ಕೆ ಯೋಗ್ಯವಾದುದು. ಶಸ್ತ್ರವಿದ್ಯೆಯನ್ನು ಕಲಿತವನಿಗೆ ಪಟ್ಟಣದಲ್ಲಿ ಹಣವೂ ಮಾನವೂ ವಿಶ್ರಾಂತಿಯೂ ದೊರೆಯುವವು. ಅವುಗಳನ್ನು ಬಯಸುವುದು ತಪ್ಪಲ್ಲ. ಆದರೆ ಒಂದು ವೃತ್ತಿಯ ಗೌರವವು ಅದರಲ್ಲಿ ಎಲ್ಲರೂ ಏನನ್ನು ಗಳಿಸಿದರೆಂಬುದರಿಂದ ಬೆಳೆಯುವುದಿಲ್ಲ. ಕೆಲವರಾದರೂ ಏನನ್ನು ಬಿಟ್ಟರೆಂಬುದರಿಂದ ಬೆಳೆಯುವುದು. ಐವತ್ತು ವರ್ಷಗಳ ಕಾಲ ಛತ್ರಗಳಲ್ಲಿಯೂ ಶಾಲೆಗಳಲ್ಲಿಯೂ ನಿಂತು ದುಡಿದುದು ಒಂದು ದಿನದ ಉತ್ಸಾಹದಿಂದ ಆಗತಕ್ಕದ್ದಲ್ಲ. ಒಂದು ದಿನದ 833 ಎಂಬ ಅಂಕೆಯನ್ನು ಜನರು ನೆನೆಯುವರು. ಅದಕ್ಕಿಂತಲೂ ನೆನೆಯತಕ್ಕದ್ದು, ಅಂತಹ ದಾಖಲೆಯಿಲ್ಲದ ಸಾವಿರಾರು ಸಾಮಾನ್ಯ ದಿನಗಳು. ಆರು ಲಕ್ಷಕ್ಕೂ ಮಿಕ್ಕ ಆ ಒಟ್ಟನ್ನು ಐವತ್ತು ವರ್ಷಗಳಿಗೆ ಹಂಚಿದರೆ, ಹಬ್ಬವೆನ್ನದೆ ಮಳೆಯೆನ್ನದೆ ದಿನವೊಂದಕ್ಕೆ ಮೂವತ್ತಮೂರು ಕಣ್ಣುಗಳಾಗುವವು.

ಡಾಕ್ಟರ್ ಮೋದಿಯವರು 2005ರ ನವೆಂಬರ್ 11ರಂದು ಕಾಲವಾದರು. ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಧರ್ಮಾರ್ಥ ಕಣ್ಣಾಸ್ಪತ್ರೆಯು ಅವರ ಹೆಸರನ್ನು ಧರಿಸಿದೆ; ಅದರ ಬಳಿಯ ರಸ್ತೆಗೂ ಅವರ ಹೆಸರಿದೆ. ಅವರು ನೆಲೆಸಿದ್ದ ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಚಿತ್ರದುರ್ಗದಲ್ಲಿಯೂ ವೈದ್ಯಕೀಯ ಶಿಕ್ಷಣಕ್ಕೆ ಅವಕಾಶವುಂಟಾಗಿದೆ. ಹಿರಿಯೂರಿನ ಮೇಲೆ ಹೆದ್ದಾರಿಯಲ್ಲಿ ಹಗಲು ರಾತ್ರಿ ವಾಹನಗಳು ಓಡುತ್ತಿವೆ; ಹೊಸದುರ್ಗ ಹೊಳಲ್ಕೆರೆಗಳಿಂದ ಆಸ್ಪತ್ರೆಗೆ ಹೋಗಿಬರುವುದು ಹಿಂದಿನಂತೆ ದಿನಗಟ್ಟಲೆಯ ಪ್ರಯಾಣವಲ್ಲ. ಆದರೂ ಕಡೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಐವತ್ತು ವರ್ಷಗಳನ್ನು ದಾಟಿದ ಅಂಧರಲ್ಲಿ ಮೂರರಲ್ಲಿ ಎರಡು ಪಾಲಿನವರ ಅಂಧತ್ವಕ್ಕೆ ಪೊರೆಯೇ ಕಾರಣವೆಂದು ಕಂಡುಬಂದಿತು. ರಸ್ತೆಯೂ ಬಸ್ಸೂ ಆಸ್ಪತ್ರೆಯೂ ಇದ್ದು, ಕರೆದೊಯ್ಯುವವರಿಲ್ಲದೆಯೋ, ಮುದುಕರಿಗೆ ಇನ್ನೇಕೆ ಕಣ್ಣೆಂಬ ಮನೆಯವರ ಅಲಕ್ಷ್ಯದಿಂದಲೋ ಜಗಲಿಯಲ್ಲಿ ಕುಳಿತಿರುವವರು ಈಗಲೂ ಇರುವರು. ಹಿಂದೆ ದೂರವು ಅಡ್ಡವಾಗಿದ್ದಿತು. ಈಗ ಅನೇಕ ಕಡೆಗಳಲ್ಲಿ ಉದಾಸೀನತೆಯೇ ಅಡ್ಡವಾಗಿದೆ. ದೂರವನ್ನು ವೈದ್ಯನು ನಡೆದು ಕಳೆಯಬಹುದು. ಉದಾಸೀನತೆಯನ್ನು ಮನೆಯವರೇ ಕಳೆಯಬೇಕು. ಓದು ಬಲ್ಲ ಪ್ರತಿಯೊಂದು ಕುಟುಂಬವೂ ತನ್ನ ಬೀದಿಯಲ್ಲಿ ಪೊರೆ ಬಂದು ಕುಳಿತಿರುವ ಒಬ್ಬ ವೃದ್ಧರನ್ನು ಕೈಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅದು ಯಾವ ಬಿರುದಿಗಿಂತಲೂ ಆ ಮಹನೀಯರಿಗೆ ಒಪ್ಪುವ ಗೌರವವಾಗುವುದು.